ಷಿಕಾಗೊ ಕೇಳಿದ ಪ್ರಶ್ನೆಗೆ ಧರ್ಮಪುರಿಯ ಉತ್ತರ

ಸೇಲಂನಿಂದ ಬೆಂಗಳೂರಿನ ಕಡೆಗೆ ಬರುವ ಹೆದ್ದಾರಿಯಲ್ಲಿ ತೊಪ್ಪೂರು ಘಾಟಿ ಹತ್ತಿದ ಮೇಲೆ ನಲ್ಲಂಪಳ್ಳಿ ಸಿಗುತ್ತದೆ. ಹತ್ತಿರದಲ್ಲೇ ಅದಿಯಮಾನ್‌ಕೋಟೆ, ಮುಂದೆ ಧರ್ಮಪುರಿ ಪಟ್ಟಣ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿಗೆ ಸೇರಿದ್ದ ಬಾರಾಮಹಲ್ ಸೀಮೆ ಇದು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಕುಟುಂಬಗಳು ಈ ಭಾಗದಲ್ಲಿ ಇಂದಿಗೂ ಇವೆ. ಮಳೆ ನಂಬಿದ ಒಣಭೂಮಿ, ಕೈಗಾರಿಕೆ ಕಡಿಮೆ, ದುಡಿಮೆಗೆ ಬೆಂಗಳೂರೋ ತಿರುಪ್ಪೂರೋ ಗತಿ. 2011ರ ಜನಗಣತಿಯಲ್ಲಿ ಧರ್ಮಪುರಿ ಜಿಲ್ಲೆಯ ಸಾಕ್ಷರತೆ ಶೇ 68.54; ತಮಿಳುನಾಡಿನ ಎಲ್ಲ ಜಿಲ್ಲೆಗಳಲ್ಲಿ ಅದೇ ಕೊನೆಯದು.

ಅದೇ ಧರ್ಮಪುರಿ ಮತದಾನದಲ್ಲಿ ಮಾತ್ರ ಮೊದಲನೆಯದು. 2014, 2019, 2024, ಮೂರು ಲೋಕಸಭಾ ಚುನಾವಣೆಗಳಲ್ಲೂ ತಮಿಳುನಾಡಿನಲ್ಲಿ ಅತಿ ಹೆಚ್ಚು ಮತದಾನ ಆದದ್ದು ಈ ಕ್ಷೇತ್ರದಲ್ಲಿ. ಪ್ರತಿಸಲವೂ ಶೇ 80 ದಾಟಿದೆ. ಸೇಲಂ ಜಿಲ್ಲೆಯ ಮೆಟ್ಟೂರೂ ಸೇರಿ ಆರು ವಿಧಾನಸಭಾ ಕ್ಷೇತ್ರಗಳು ಇದರೊಳಗಿವೆ. ಅವುಗಳಲ್ಲೊಂದಾದ ಪಾಲಕ್ಕೋಡು 2021ರ ವಿಧಾನಸಭಾ ಚುನಾವಣೆಯಲ್ಲಿ ಶೇ 87ರಷ್ಟು ಮತದಾನದೊಂದಿಗೆ ಇಡೀ ರಾಜ್ಯಕ್ಕೆ ಮುಂದಿತ್ತು. 2024ರಲ್ಲಿ ಓದುಬರಹ, ಆಸ್ಪತ್ರೆ, ವಿಶ್ವವಿದ್ಯಾಲಯ ಎಲ್ಲವೂ ಇರುವ ಚೆನ್ನೈ ಸೆಂಟ್ರಲ್‌ನಲ್ಲಿ ಮತ ಹಾಕಿದವರು ಶೇ 54ರಷ್ಟು.

ಅಮೆರಿಕದ ರಾಜ್ಯಶಾಸ್ತ್ರದ ಪಠ್ಯ ಓದಿ ಬಂದ ವಿದ್ಯಾರ್ಥಿಗೆ ಈ ಅಂಕಿಗಳು ತಲೆಕೆಳಗಾಗಿ ಕಾಣುತ್ತವೆ. ಅಲ್ಲಿ ನೂರು ವರ್ಷಗಳಿಂದ ನಡೆದಿರುವ ಅಧ್ಯಯನಗಳು ಹೇಳುವುದು ಇದರ ತದ್ವಿರುದ್ಧ. ಆ ಅಧ್ಯಯನಗಳನ್ನು ನಾವು ಪಕ್ಕಕ್ಕಿಡಬೇಕಾಗಿಲ್ಲ. ಅವುಗಳನ್ನು ಸರಿಯಾಗಿ ಓದಿದರೆ ಧರ್ಮಪುರಿಯೂ ಅರ್ಥವಾಗುತ್ತದೆ, ಬೆಂಗಳೂರೂ ಅರ್ಥವಾಗುತ್ತದೆ. ಮತದಾರರ ಪಟ್ಟಿಯನ್ನು ಪರಿಷ್ಕರಿಸುವಾಗ ಎಲ್ಲಿ ಎಚ್ಚರವಾಗಿರಬೇಕು ಎನ್ನುವುದೂ ತಿಳಿಯುತ್ತದೆ.

ಕಥೆ ಶುರುವಾಗುವುದು ಷಿಕಾಗೊದಲ್ಲಿ. 1923ರಲ್ಲಿ ಆ ನಗರದ ಮೇಯರ್ ಚುನಾವಣೆ ನಡೆದಾಗ ಮತಾಧಿಕಾರ ಇದ್ದವರಲ್ಲಿ ಅರ್ಧದಷ್ಟು ಜನ ಮತಗಟ್ಟೆಯ ಕಡೆ ಸುಳಿಯಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಮೆರಿಯಂ ಮತ್ತು ಹೆರಾಲ್ಡ್ ಗಾಸ್ನೆಲ್ ಮತ ಹಾಕದ ಸಾವಿರಾರು ಮಂದಿಯ ಮನೆಗೆ ಜನ ಕಳಿಸಿ ಕಾರಣ ಕೇಳಿಸಿದರು. ಅದಕ್ಕೂ ಮೊದಲು ಅಲ್ಲಿ ರಾಜ್ಯಶಾಸ್ತ್ರ ಎಂದರೆ ಹೆಚ್ಚಾಗಿ ಸಂವಿಧಾನದ ವ್ಯಾಖ್ಯಾನ, ಸಂಸತ್ತಿನ ನಿಯಮಾವಳಿ, ಕಾನೂನಿನ ಇತಿಹಾಸ. ನಾಗರಿಕನ ಬಾಗಿಲು ತಟ್ಟಿ ‘ಯಾಕೆ ಬರಲಿಲ್ಲ’ ಎಂದು ಕೇಳುವುದು ವಿದ್ವತ್ತಿನ ಕೆಲಸ ಎಂದು ಹೆಚ್ಚಿನವರು ಎಣಿಸಿರಲಿಲ್ಲ. ಬಂದ ಉತ್ತರಗಳು ಸಾದಾ ಆಗಿದ್ದವು: ಕಾಯಿಲೆ, ಕೆಲಸಕ್ಕೆ ರಜೆ ಸಿಗಲಿಲ್ಲ, ಹೆಸರು ನೋಂದಾಯಿಸಿಲ್ಲ, ಆಸಕ್ತಿ ಇಲ್ಲ. ಹೆಂಗಸರಿಗೆ ದೇಶದಾದ್ಯಂತ ಮತಾಧಿಕಾರ ಬಂದು ಮೂರೇ ವರ್ಷವಾಗಿತ್ತು. ಅದು ಗಂಡಸರ ಕೆಲಸ ಎಂದ ಹೆಂಗಸರೂ ಇದ್ದರು. 1924ರಲ್ಲಿ ಗಾಸ್ನೆಲ್ ಇನ್ನೊಂದು ಹೆಜ್ಜೆ ಇಟ್ಟರು. ಕೆಲವರಿಗೆ ಅಂಚೆ ಕಾರ್ಡು ಕಳಿಸಿ ಹೆಸರು ನೋಂದಾಯಿಸಿಕೊಳ್ಳಿ, ಮತ ಹಾಕಿ ಎಂದು ನೆನಪಿಸಿದರು, ಉಳಿದವರಿಗೆ ಕಳಿಸಲಿಲ್ಲ. ಆಮೇಲೆ ಎರಡೂ ಗುಂಪುಗಳನ್ನು ಹೋಲಿಸಿದರು. ಅಧ್ಯಕ್ಷೀಯ ಚುನಾವಣೆಗಿಂತ ನಗರದ ಚುನಾವಣೆಯಲ್ಲಿ ಕಾರ್ಡು ಹೆಚ್ಚು ಕೆಲಸ ಮಾಡಿತ್ತು. ರಾಜಕೀಯದಲ್ಲಿ ಪ್ರಯೋಗ ನಡೆಸಬಹುದು ಎಂದು ತೋರಿಸಿದ ಮೊದಲ ಕೆಲಸಗಳಲ್ಲಿ ಅದೊಂದು.

ಎರಡನೇ ಮಹಾಯುದ್ಧದ ನಂತರ ಈ ಶಾಸ್ತ್ರ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನೆಲೆ ಕಂಡಿತು. ಆಂಗಸ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 1952, 1956ರ ಚುನಾವಣೆಗಳ ಸಮೀಕ್ಷೆಗಳನ್ನು ಆಧರಿಸಿ 1960ರಲ್ಲಿ ತಂದ ‘ದಿ ಅಮೆರಿಕನ್ ವೋಟರ್’ ಮತದಾರನ ಪಕ್ಷನಿಷ್ಠೆ ಮನೆತನದಿಂದಲೇ ಬರುತ್ತದೆ ಎಂದು ತೋರಿಸಿತು. ಆ ಮಿಷಿಗನ್ ದಾರಿ ನಮ್ಮಲ್ಲಿಗೂ ಬಂತು. 1967ರಲ್ಲಿ ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆ ರಜನಿ ಕೊಠಾರಿಯವರ ನೇತೃತ್ವದಲ್ಲಿ ಭಾರತದ ಮತದಾರರ ರಾಷ್ಟ್ರೀಯ ಸಮೀಕ್ಷೆ ನಡೆಸಿತು. ಇಂದು ‘ಲೋಕನೀತಿ’ ಹೆಸರಿನಲ್ಲಿ ನಡೆಯುವ ಸಮೀಕ್ಷೆಗಳ ಬೇರು ಅಲ್ಲಿದೆ.

ಈ ನಡುವೆ ಅರ್ಥಶಾಸ್ತ್ರದ ಹಾದಿಯಲ್ಲಿ ಬಂದ ಆಂಟನಿ ಡೌನ್ಸ್ 1957ರಲ್ಲಿ ಒಂದು ಇಕ್ಕಟ್ಟಿನ ಪ್ರಶ್ನೆ ಹಾಕಿದರು. ಲಕ್ಷಾಂತರ ಮತಗಳ ನಡುವೆ ನನ್ನ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ಹೆಚ್ಚುಕಡಿಮೆ ಸೊನ್ನೆ. ಅರ್ಧ ದಿನದ ಕೂಲಿ, ಬಿಸಿಲು, ಬಸ್ಸಿನ ಖರ್ಚು ಮಾತ್ರ ಖಚಿತ. ಲಾಭನಷ್ಟ ನೋಡುವವನು ಮನೆಯಲ್ಲೇ ಇರಬೇಕಲ್ಲ? ನಮ್ಮಲ್ಲಿ ಇದಕ್ಕೆ ಒಂದು ಅಪವಾದ ಇದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ: 40,752ಕ್ಕೆ 40,751. ಇಂಥದ್ದು ಬಹಳ ಅಪರೂಪ. 2024ರಲ್ಲಿ ಧರ್ಮಪುರಿಯ ಪೈಪೋಟಿ ಬಿರುಸಾಗಿದ್ದರೂ ಡಿಎಂಕೆಯ ಎ. ಮಣಿ ಅವರು ಪಿಎಂಕೆಯ ಸೌಮ್ಯಾ ಅನ್ಬುಮಣಿ ಅವರಿಗಿಂತ 21,300 ಮತ ಮುಂದಿದ್ದರು. ಹಾಗಾದರೆ ಜನ ಯಾಕೆ ಬರುತ್ತಾರೆ? ವಿಲಿಯಂ ರೈಕರ್ ಮತ್ತು ಪೀಟರ್ ಆರ್ಡೆಶೂಕ್ 1968ರಲ್ಲಿ ಡೌನ್ಸ್‌ರ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿಸಿದರು: ಕರ್ತವ್ಯದ ತೃಪ್ತಿ. ಲೆಕ್ಕ ಕೂಡಿತು ನಿಜ. ಆದರೆ ಆ ತೃಪ್ತಿ ಎಲ್ಲಿಂದ ಹುಟ್ಟುತ್ತದೆ, ಕೆಲವರಲ್ಲಿ ಮಾತ್ರ ಯಾಕೆ ಹುಟ್ಟುತ್ತದೆ ಎನ್ನುವುದು ಹಾಗೇ ಉಳಿಯಿತು.

1980ರಲ್ಲಿ ರೇಮಂಡ್ ವುಲ್ಫಿಂಗರ್ ಮತ್ತು ಸ್ಟೀವನ್ ರೋಸೆನ್‌ಸ್ಟೋನ್ ಅಮೆರಿಕದ ಜನಗಣತಿ ಇಲಾಖೆಯ ದೊಡ್ಡ ಸಮೀಕ್ಷೆ ಹಿಡಿದು ಕೊಟ್ಟ ಉತ್ತರ ಬಹುಕಾಲ ಪಠ್ಯಗಳಲ್ಲಿ ನಿಂತಿತು. ಓದಿದವರು ಮತ ಹಾಕುತ್ತಾರೆ, ಓದದವರು ಹಾಕುವುದಿಲ್ಲ. ವರಮಾನಕ್ಕಿಂತಲೂ ವಿದ್ಯೆಯ ಪ್ರಭಾವ ದೊಡ್ಡದು. ಇಲ್ಲಿ ನಮ್ಮ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ. 2024ರಲ್ಲಿ ಕರ್ನಾಟಕದಲ್ಲಿ ಅತಿ ಹೆಚ್ಚು ಮತದಾನ ಮಂಡ್ಯದಲ್ಲಿ, ಶೇ 81.67. ಅತಿ ಕಡಿಮೆ ಬೆಂಗಳೂರು ದಕ್ಷಿಣದಲ್ಲಿ, ಶೇ 53.17. ತಮಿಳುನಾಡಿನ ಚಿತ್ರವೇ ಇಲ್ಲೂ ಇದೆ. ಯೋಗೇಂದ್ರ ಯಾದವ್ 1990ರ ದಶಕದ ಸಮೀಕ್ಷೆಗಳನ್ನು ಜೋಡಿಸಿ ತೋರಿಸಿದ್ದೂ ಇದನ್ನೇ: ಭಾರತದಲ್ಲಿ ಬಡವರು, ದಲಿತರು, ಹಳ್ಳಿಯವರು ಉಳ್ಳವರಿಗಿಂತ ಕಡಿಮೆ ಮತ ಹಾಕುವುದಿಲ್ಲ, ಅನೇಕ ಕಡೆ ಹೆಚ್ಚೇ ಹಾಕುತ್ತಾರೆ.

ವಿದ್ಯೆಯಿಂದ ನಾಗರಿಕ ಪ್ರಜ್ಞೆ ಬರುತ್ತದೆ, ಪ್ರಜ್ಞೆಯಿಂದ ಮತ ಬರುತ್ತದೆ ಎಂಬ ಸರಪಳಿಯನ್ನು ನಾವೂ ಭಾಷಣಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ನನಗೆ ಅದರಲ್ಲಿ ನಂಬಿಕೆ ಉಳಿದಿಲ್ಲ. ವುಲ್ಫಿಂಗರ್ ಪುಸ್ತಕದ ಅಷ್ಟು ಪ್ರಸಿದ್ಧವಲ್ಲದ ಭಾಗ ಇನ್ನೂ ಮುಖ್ಯವಾದದ್ದು. ನೋಂದಣಿಯ ನಿಯಮಗಳನ್ನು ಸಡಿಲಿಸಿದರೆ ಸಾಕು, ಅಮೆರಿಕದ ಮತದಾನ ಸುಮಾರು 9 ಶೇಕಡಾ ಅಂಶ ಏರುತ್ತದೆ ಎಂದು ಅವರು ಅಂದಾಜು ಮಾಡಿದ್ದರು. ಆಗ ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಹೆಸರು ಪಟ್ಟಿಗೆ ಸೇರಿಸಿಕೊಳ್ಳುವ ಹೊಣೆ ಮತದಾರನದೇ ಆಗಿತ್ತು. ಮನೆ ಬದಲಾಯಿಸಿದರೆ ಮತ್ತೆ ಅರ್ಜಿ, ಮತ್ತೆ ಗಡುವು. 1845ರ ಕಾನೂನಿನಂತೆ ಮತದಾನ ನಡೆಯುವುದು ಮಂಗಳವಾರ, ರಾಷ್ಟ್ರೀಯ ರಜೆ ಇಲ್ಲ. ಅರ್ಜಿ, ಗಡುವು, ಕಚೇರಿ ಇವೆಲ್ಲವನ್ನೂ ನಿಭಾಯಿಸುವುದು ಓದಿದವರಿಗೆ ಸಲೀಸು. ವಿದ್ಯೆ ಅಲ್ಲಿ ಅಷ್ಟು ದೊಡ್ಡದಾಗಿ ಕಂಡದ್ದಕ್ಕೆ ಈ ತಡೆಗೋಡೆಯೂ ಒಂದು ಕಾರಣ.

ಆ ಗೋಡೆಯನ್ನು ಬೇಕೆಂದೇ ಕಟ್ಟಿದ ಇತಿಹಾಸವೂ ಇದೆ. ವಿ.ಒ. ಕೀ 1949ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ರಾಜಕೀಯ ಕುರಿತು ಬರೆದ ದೊಡ್ಡ ಗ್ರಂಥದಲ್ಲಿ ತಲೆಗಂದಾಯ, ಓದುಬರಹದ ಪರೀಕ್ಷೆ, ಬಿಳಿಯರಿಗೆ ಮಾತ್ರ ಮೀಸಲಾದ ಪಕ್ಷದ ಪ್ರಾಥಮಿಕ ಚುನಾವಣೆ ಇವುಗಳ ಮೂಲಕ ಕಪ್ಪು ಜನರನ್ನು ಹೊರಗಿಟ್ಟ ಬಗೆಯನ್ನು ವಿವರವಾಗಿ ಬಿಡಿಸಿಟ್ಟರು. 1965ರಲ್ಲಿ ಮತಾಧಿಕಾರ ಕಾಯ್ದೆ ಬರುವ ಹೊತ್ತಿಗೆ ಮಿಸಿಸಿಪ್ಪಿಯಲ್ಲಿ ಮತಾಧಿಕಾರದ ವಯಸ್ಸಿನ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ಶೇ 6.7. 1967ಕ್ಕೆ ಶೇ 59.8. ಎರಡೇ ವರ್ಷದಲ್ಲಿ ಅಲ್ಲಿನ ಜನರ ವಿದ್ಯೆ ಎಂಟೊಂಬತ್ತು ಪಟ್ಟು ಏರಲಿಲ್ಲ. ಬದಲಾದದ್ದು ಪಟ್ಟಿ ಬರೆಯುವ ಕೈ.

ನಮ್ಮ ದೇಶ ಈ ವಿಷಯದಲ್ಲಿ ಮೊದಲಿಗೇ ಬೇರೆ ದಾರಿ ಹಿಡಿಯಿತು. ಇತಿಹಾಸಕಾರ್ತಿ ಓರ್ನಿತ್ ಶಾನಿ ವಿವರಿಸಿರುವಂತೆ, ಸಂವಿಧಾನ ಇನ್ನೂ ಕರಡಿನಲ್ಲಿದ್ದಾಗಲೇ, 1947ರಿಂದಲೇ, ವಯಸ್ಕರೆಲ್ಲರ ಮತದಾರರ ಪಟ್ಟಿಯ ಕೆಲಸ ಶುರುವಾಗಿತ್ತು. 1951ರ ಜನಗಣತಿಯಲ್ಲಿ ಸಾಕ್ಷರತೆ ಶೇ 18ರ ಆಸುಪಾಸು. ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಹೆಸರು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಕೈಬಿಡಬೇಕಾಗಿ ಬಂದದ್ದು ಆ ಪಟ್ಟಿಯ ದೊಡ್ಡ ಕೊರತೆ. ಆದರೂ ತತ್ತ್ವ ಗಟ್ಟಿಯಾಯಿತು: ಹೆಸರು ಹುಡುಕಿಕೊಂಡು ಸರ್ಕಾರ ಮನೆಗೆ ಬರಬೇಕು. ಊರಿನ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆಯೇ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಆಗಿ ಬಾಗಿಲಿಗೆ ಬರುತ್ತಾರೆ. ಮತಗಟ್ಟೆ ಎರಡು ಕಿಲೋಮೀಟರಿನ ಒಳಗೆ ಇರಬೇಕು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಎಂದು ಜನಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ನಲ್ಲಂಪಳ್ಳಿಯಂಥ ಊರಲ್ಲಿ ಮತದಾನ ಹೆಚ್ಚಿರುವುದಕ್ಕೆ ಜನರ ಗುಣ ಹೊಗಳುವ ಮೊದಲು ಈ ಏರ್ಪಾಡನ್ನು ಹೊಗಳಬೇಕು.

ಏರ್ಪಾಡು ಒಂದೇ ಸಾಲದು ಎಂಬುದೂ ನಿಜ. ಪಟ್ಟಿ, ಮತಗಟ್ಟೆ, ರಜೆ ಬೆಂಗಳೂರು ದಕ್ಷಿಣಕ್ಕೂ ಇವೆ. ಇಲ್ಲಿ ಅಮೆರಿಕದ ಇನ್ನೊಂದು ಸಾಲಿನ ಪ್ರಯೋಗಗಳು ನೆರವಿಗೆ ಬರುತ್ತವೆ. 1998ರಲ್ಲಿ ನ್ಯೂಹೇವನ್ ನಗರದಲ್ಲಿ ಆಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಸುಮಾರು 30,000 ಮತದಾರರ ಮೇಲೆ ಗಾಸ್ನೆಲ್‌ರ ಹಳೆಯ ಉಪಾಯವನ್ನು ಹೊಸ ಸಂಖ್ಯಾಶಾಸ್ತ್ರದೊಂದಿಗೆ ಪ್ರಯೋಗಿಸಿದರು. ದೂರವಾಣಿ ಕರೆಯಿಂದ ಏನೂ ಆಗಲಿಲ್ಲ. ಮನೆಗೆ ಹೋಗಿ ಮುಖ ನೋಡಿ ಮಾತಾಡಿಸಿದ ಕಡೆ ಮತದಾನ ಗಣನೀಯವಾಗಿ ಏರಿತು. 2006ರಲ್ಲಿ ಮಿಷಿಗನ್ ರಾಜ್ಯದ ಪ್ರಾಥಮಿಕ ಚುನಾವಣೆಯಲ್ಲಿ ಕ್ರಿಸ್ಟೊಫರ್ ಲ್ಯಾರಿಮರ್ ಜೊತೆ ಸೇರಿ ಅವರು ನಡೆಸಿದ ಪ್ರಯೋಗ ಇನ್ನೂ ದೊಡ್ಡದು, ಸುಮಾರು 1,80,000 ಮನೆಗಳದ್ದು. ಕೆಲವರಿಗೆ ಕರ್ತವ್ಯ ನೆನಪಿಸುವ ಪತ್ರ ಹೋಯಿತು, ಪರಿಣಾಮ ಸಣ್ಣದು. ಇನ್ನು ಕೆಲವರಿಗೆ ಹೋದ ಪತ್ರದಲ್ಲಿ, ಹಿಂದಿನ ಚುನಾವಣೆಗಳಲ್ಲಿ ಅವರೂ ಅವರ ಅಕ್ಕಪಕ್ಕದ ಮನೆಯವರೂ ಮತ ಹಾಕಿದ್ದರೋ ಇಲ್ಲವೋ ಎಂಬುದನ್ನು ಹೆಸರು ಹಿಡಿದು ಬರೆದಿತ್ತು. ಚುನಾವಣೆಯ ನಂತರ ಮತ್ತೊಮ್ಮೆ ಎಲ್ಲರಿಗೂ ತಿಳಿಸುತ್ತೇವೆ ಎಂದೂ ಇತ್ತು. ಪತ್ರ ಹೋಗದ ಮನೆಗಳಲ್ಲಿ ಮತದಾನ ಶೇ 29.7 ಇದ್ದರೆ ಈ ಪತ್ರ ತಲುಪಿದವರಲ್ಲಿ ಶೇ 37.8. ನಾನು ಓದಿದ ಚುನಾವಣಾ ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ಅಂಕಿಗಳು ಅಪರೂಪ. ರೈಕರ್ ಲೆಕ್ಕದಲ್ಲಿ ಸೇರಿಸಿದ ಕರ್ತವ್ಯದ ತೃಪ್ತಿಗೆ ಊಟ ಹಾಕುವವರು ನೆರೆಹೊರೆಯವರು.

ಧರ್ಮಪುರಿಯ ಹಳ್ಳಿಯಲ್ಲಿ ಅಂಥ ಪತ್ರ ಬೇಕಾಗಿಲ್ಲ. ಮತ ಹಾಕಿದವರ ಎಡಗೈ ತೋರುಬೆರಳಿನ ಮೇಲೆ ಕಪ್ಪು ಗೆರೆ ಇರುತ್ತದೆ. ಆ ಶಾಯಿ ಹೋಗುವುದು ಮೈಸೂರಿನಿಂದ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ಥಾಪಿಸಿದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್; 1962ರ ಸಾರ್ವತ್ರಿಕ ಚುನಾವಣೆಯಿಂದ ದೇಶಕ್ಕೆಲ್ಲ ಅಳಿಸದ ಶಾಯಿ ಅಲ್ಲಿಂದಲೇ ಪೂರೈಕೆಯಾಗುತ್ತಿದೆ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು ಬೆಳಕಿಗೆ ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಒಬ್ಬರೇ ಎರಡು ಸಲ ಮತ ಹಾಕದಂತೆ ತಡೆಯಲು ತಂದ ಗುರುತು ಅದು. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅದರ ಕೆಲಸ ಇನ್ನೂ ದೊಡ್ಡದು. ಗೆರೆ ಇಲ್ಲದ ಬೆರಳು ಚಹಾದ ಅಂಗಡಿಯಲ್ಲಿ, ನೀರಿನ ನಲ್ಲಿಯ ಹತ್ತಿರ, ಸಂತೆಯಲ್ಲಿ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರ ಬೆರಳನ್ನು ಯಾರು ನೋಡುತ್ತಾರೆ?

ಇದಕ್ಕೆ ಇನ್ನೊಂದು ಮಗ್ಗುಲಿದೆ. ಅಮಿತ್ ಅಹುಜಾ ಮತ್ತು ಪ್ರದೀಪ್ ಛಿಬ್ಬರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಮತದಾರರು ಮತವನ್ನು ಹಕ್ಕು ಎಂದೇ ಕಂಡರು. ಸರ್ಕಾರದ ಕಣ್ಣಿಗೆ ತಾವು ಬದುಕಿದ್ದೇವೆ ಎಂದು ತೋರಿಸುವ ದಾರಿ ಅವರಿಗೆ ಅದೊಂದೇ. ರೇಷನ್, ಪಿಂಚಣಿ, ಮನೆ ಮಂಜೂರಾತಿ, ಉದ್ಯೋಗ ಖಾತರಿಯ ಕೂಲಿ ಎಲ್ಲಕ್ಕೂ ಸರ್ಕಾರದ ಕಡೆ ನೋಡುವ ಕುಟುಂಬಕ್ಕೆ ಪಟ್ಟಿಯಲ್ಲಿ ಹೆಸರಿರುವುದೇ ಆಸರೆ. ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆ, ಬೋರ್‌ವೆಲ್, ಜನರೇಟರ್ ಇರುವ ಮನೆಗೆ ಶಾಸಕರ ನೆನಪಾಗುವುದು ಕಡಿಮೆ.

ಹೆಚ್ಚಿನ ಮತದಾನವೆಲ್ಲ ಶುದ್ಧ ಉತ್ಸಾಹ ಎಂದು ಬರೆದರೆ ಅದು ಸುಳ್ಳಾಗುತ್ತದೆ. ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಲೋಕಕ್ಕೆ ಕೊಟ್ಟವರು ಕನ್ನಡ ನಾಡಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿ, ಊರಿಗೆ ರಾಂಪುರ ಎಂಬ ಹೆಸರು ಕೊಟ್ಟು 1955ರಲ್ಲಿ ಬರೆದ ಪ್ರಬಂಧದಲ್ಲಿ, ಊರಿನ ಯಜಮಾನನ ಹಿಂದೆ ಸಾಲಾಗಿ ಹೋಗುವ ಮತಗಳಿಗೆ ಅವರು ಆ ಹೆಸರಿಟ್ಟರು. ಧರ್ಮಪುರಿಯಲ್ಲಿ ವನ್ನಿಯರ್ ಮತ್ತು ದಲಿತ ಮತಗಳ ಲೆಕ್ಕಾಚಾರ ಬಿಟ್ಟು ಚುನಾವಣೆ ಅರ್ಥವಾಗುವುದಿಲ್ಲ. ಪೈಪೋಟಿ ಬಿಗಿಯಾದಷ್ಟೂ ಮನೆಮನೆಗೆ ಹೋಗಿ ಕರೆತರುವ ಕಾರ್ಯಕರ್ತರು ಹೆಚ್ಚು, ಒತ್ತಡವೂ ಹೆಚ್ಚು. 2019ರಲ್ಲಿ ಪಾಪಿರೆಡ್ಡಿಪಟ್ಟಿ ಭಾಗದ 8 ಮತಗಟ್ಟೆಗಳಲ್ಲಿ ಚುನಾವಣಾ ಆಯೋಗ ಮರುಮತದಾನ ನಡೆಸಬೇಕಾಯಿತು. ಅದೇ ವರ್ಷ ವೆಲ್ಲೂರಿನ ಲೋಕಸಭಾ ಚುನಾವಣೆಯನ್ನು ಹಣ ಹಂಚಿಕೆಯ ಕಾರಣಕ್ಕೆ ರದ್ದುಪಡಿಸಬೇಕಾಯಿತು.

ಅಮೆರಿಕದಲ್ಲೂ ಇದೇ ವಾದ ದಶಕಗಳ ಕಾಲ ನಡೆದಿದೆ. 1876ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿ ಮತಾಧಿಕಾರ ಇದ್ದವರಲ್ಲಿ ಸುಮಾರು ಶೇ 82 ಮಂದಿ ಮತ ಹಾಕಿದ್ದರು. 20ನೇ ಶತಮಾನದಲ್ಲಿ ಅದು ಹತ್ತಿರಹತ್ತಿರ ಅರ್ಧಕ್ಕೆ ಇಳಿದದ್ದೂ ಉಂಟು. ಜನರಿಗೆ ರಾಜಕೀಯದಿಂದಲೇ ವಿಮುಖತೆ ಬಂತು, ಪಕ್ಷಗಳು ಬಡವರನ್ನು ಕೈಬಿಟ್ಟವು ಎಂದರು ವಾಲ್ಟರ್ ಡೀನ್ ಬರ್ನ್‌ಹ್ಯಾಮ್, 1965ರಲ್ಲಿ. ಫಿಲಿಪ್ ಕಾನ್ವರ್ಸ್ ಮತ್ತು ಜೆರಾಲ್ಡ್ ರಸ್ಕ್ ಒಪ್ಪಲಿಲ್ಲ. ಹಳೆಯ ಅಂಕಿಯಲ್ಲಿ ಕಳ್ಳಮತವೂ ಇತ್ತು. ಪಕ್ಷಗಳೇ ಬಣ್ಣದ ಮತಪತ್ರ ಅಚ್ಚು ಹಾಕಿ ಕೊಡುತ್ತಿದ್ದುದರಿಂದ ಯಾರು ಯಾರಿಗೆ ಹಾಕಿದರೆಂದು ತಿಳಿಯುತ್ತಿತ್ತು. 1888ರ ನಂತರ ಸರ್ಕಾರವೇ ಅಚ್ಚು ಹಾಕಿದ ಗುಪ್ತ ಮತಪತ್ರ, ನೋಂದಣಿ ಬಂದ ಮೇಲೆ ಅಂಕಿ ಇಳಿಯಿತು ಎಂದರು ಅವರು. ಎರಡೂ ಕಡೆ ಸತ್ಯಾಂಶ ಇತ್ತು. ಭ್ರಷ್ಟಾಚಾರ ತಡೆಯಲೆಂದು ತಂದ ಅದೇ ನೋಂದಣಿ ಬಡವರನ್ನೂ ವಲಸಿಗರನ್ನೂ ಹೊರಗೆ ನಿಲ್ಲಿಸಿತು. ಪಟ್ಟಿ ಶುದ್ಧ ಮಾಡುವವರು ಮರೆಯಬಾರದ ಪಾಠ ಇದು.

ಬೆಂಗಳೂರಿನವರನ್ನು ಪ್ರತಿ ಚುನಾವಣೆಯ ಮರುದಿನ ಬೈಯುವುದು ಈಗ ರೂಢಿಯಾಗಿದೆ. ಸ್ವಲ್ಪ ತಡೆಯಬೇಕು. ಅಮೆರಿಕದಲ್ಲಿ 1972ರ ನಂತರ ಮತದಾನ ಕುಸಿಯುತ್ತಲೇ ಇದೆ ಎಂದು ಎಲ್ಲರೂ ಮರುಗುತ್ತಿದ್ದಾಗ, 2001ರಲ್ಲಿ ಮೈಕೆಲ್ ಮೆಕ್‌ಡೊನಾಲ್ಡ್ ಮತ್ತು ಸ್ಯಾಮ್ಯುಯೆಲ್ ಪಾಪ್‌ಕಿನ್ ಭಾಗಾಕಾರದ ಕೆಳಗಿನ ಅಂಕಿಯನ್ನೇ ತಪಾಸಣೆ ಮಾಡಿದರು. ಪೌರತ್ವ ಇಲ್ಲದವರನ್ನೂ ಶಿಕ್ಷೆಯಿಂದ ಮತಾಧಿಕಾರ ಕಳೆದುಕೊಂಡವರನ್ನೂ ಒಟ್ಟು ಸಂಖ್ಯೆಯಲ್ಲಿ ಸೇರಿಸಿ ಭಾಗಿಸುತ್ತಿದ್ದುದರಿಂದ ಕುಸಿತ ಕಾಣುತ್ತಿತ್ತು. ಅರ್ಹರನ್ನು ಮಾತ್ರ ಎಣಿಸಿದರೆ ಕುಸಿತವೇ ಮಾಯ. ಬಾಡಿಗೆ ಮನೆ ಬದಲಾಯಿಸುತ್ತಲೇ ಇರುವ ಬೆಂಗಳೂರಿನಲ್ಲಿ ಹಳೆಯ ವಿಳಾಸದ ಹೆಸರು ಅಳಿಯದೆ ಉಳಿಯುತ್ತದೆ, ಸತ್ತವರ ಹೆಸರೂ ಉಳಿಯುತ್ತದೆ, ಊರಿನಲ್ಲೊಂದು ಇಲ್ಲೊಂದು ಹೆಸರಿರುವವರೂ ಇದ್ದಾರೆ. ಪಟ್ಟಿ ಊದಿಕೊಂಡಷ್ಟೂ ಶೇಕಡಾವಾರು ತಗ್ಗುತ್ತದೆ. ಬೆಂಗಳೂರು ದಕ್ಷಿಣದ 53ರಲ್ಲಿ ಉದಾಸೀನ ಎಷ್ಟು, ಹಳಸಿದ ಪಟ್ಟಿ ಎಷ್ಟು ಎಂದು ಬಿಡಿಸಿ ಹೇಳುವ ಅಧ್ಯಯನ ನಮಗೆ ಬೇಕು.

ಬೆಂಗಳೂರಿಗೂ ಧರ್ಮಪುರಿಗೂ ಕೊಂಡಿಯಾಗಿರುವವನು ವಲಸೆ ಕಾರ್ಮಿಕ. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಧರ್ಮಪುರಿಯವರು ಮತದಾನಕ್ಕೆ ಹೊಸೂರು ದಾರಿಯ ಬಸ್ಸು ಹಿಡಿದು ಊರಿಗೆ ಹೋಗುತ್ತಾರೆ. ಸಾಮಾನ್ಯವಾಗಿ ವಾಸಿಸುವ ಸ್ಥಳದ ಪಟ್ಟಿಯಲ್ಲಿ ಹೆಸರಿರಬೇಕು ಎನ್ನುತ್ತದೆ 1950ರ ಕಾಯ್ದೆ. ವರ್ಷದ ಒಂಬತ್ತು ತಿಂಗಳು ಶೆಡ್ಡಿನಲ್ಲಿ ಮಲಗುವವನ ಸಾಮಾನ್ಯ ವಾಸ ಯಾವುದು? 2025ರ ಜೂನ್‌ನಲ್ಲಿ ಬಿಹಾರದಲ್ಲಿ ಶುರುವಾದ ವಿಶೇಷ ತೀವ್ರ ಪರಿಷ್ಕರಣೆಯ ಕರಡಿನಿಂದ ಸುಮಾರು 65 ಲಕ್ಷ ಹೆಸರು ಹೊರಬಿದ್ದವು. ನವೆಂಬರ್‌ನಲ್ಲಿ ಅದು ತಮಿಳುನಾಡಿಗೂ ಬಂತು. ಸತ್ತವರ, ಎರಡೆರಡು ಕಡೆ ಇರುವವರ ಹೆಸರು ತೆಗೆಯಲೇಬೇಕು. ಆದರೆ ನಮೂನೆ ತುಂಬಿ, ಎರಡು ದಶಕದ ಹಿಂದಿನ ಪಟ್ಟಿಯೊಂದಿಗೆ ತನ್ನ ನಂಟು ತೋರಿಸುವ ಹೊಣೆ ಮತದಾರನ ಮೇಲೆ ಬಂದಾಗ, ಬಾಗಿಲಿಗೆ ಬೀಗ ಹಾಕಿ ದುಡಿಯಲು ಹೋದವನು ಮೊದಲು ಜಾರಿ ಬೀಳುತ್ತಾನೆ.

ವಲಸಿಗರಿಗೆಂದು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿಯೊಂದನ್ನು ಮುಂದಿಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಮತ ಹಾಕಬಹುದಾಗಿತ್ತು. ಪಕ್ಷಗಳು ಒಪ್ಪದೆ ಅದು ಅಲ್ಲಿಗೇ ನಿಂತಿದೆ. ಅಮೆರಿಕದಲ್ಲಿ ಅಂಚೆ ಮತ, ಮುಂಚಿತ ಮತ ಇವನ್ನು ಅಧ್ಯಯನ ಮಾಡಿದ ಆಡಂ ಬೆರಿನ್ಸ್‌ಕಿ 2005ರಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು: ಇಂಥ ಅನುಕೂಲಗಳನ್ನು ಹೆಚ್ಚಾಗಿ ಬಳಸಿಕೊಳ್ಳುವವರು ಮೊದಲೇ ಮತ ಹಾಕುತ್ತಿದ್ದವರು. ಧರ್ಮಪುರಿಯ ಕಾರ್ಮಿಕ ಮೊದಲೇ ಮತ ಹಾಕುತ್ತಿದ್ದವನು. ಅವನಿಗೆ ಯಂತ್ರ ಬಂದರೆ ಒಂದು ದಿನದ ಕೂಲಿ, ಬಸ್ಸಿನ ದುಡ್ಡು ಉಳಿಯುತ್ತದೆ; ಅದು ಸಣ್ಣ ವಿಷಯವಲ್ಲ, ಬರಲಿ. ಆದರೆ ಅದಕ್ಕಿಂತ ಮೊದಲು ನಲ್ಲಂಪಳ್ಳಿಯ ಪಟ್ಟಿಯಲ್ಲಿ ಅವನ ಹೆಸರು ಉಳಿಯಬೇಕು. ಬಿಎಲ್‌ಒ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಸರು ತೆಗೆಯಕೂಡದು ಎಂಬ ನಿಯಮ ಬೇಕು. ತೆಗೆದ ಪ್ರತಿ ಹೆಸರನ್ನೂ ಕಾರಣ ಸಹಿತ ಊರಿನ ಪಂಚಾಯಿತಿ ಗೋಡೆಗೆ ಅಂಟಿಸಬೇಕು, ಬೆಂಗಳೂರಿನಿಂದಲೇ ಆಕ್ಷೇಪ ಸಲ್ಲಿಸಲು ಅವನಿಗೆ ದಾರಿ ಇರಬೇಕು.